ಹಸಿರು ಶಾಯಿಯ ಹನ್ನೆರಡು ದಿನ

ಹದಿನಾರನೇ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ದೂರು ಠಾಣೆಗೆ ಬಂತು. ತಂದವರು ಅರವತ್ತು ದಾಟಿದ ಹೆಂಗಸು, ನಿವೃತ್ತ ನರ್ಸ್. ಕೈಯಲ್ಲೊಂದು ಚೀಟಿ ಹಿಡಿದಿದ್ದರು.

ಇನ್‌ಸ್ಪೆಕ್ಟರ್ ಆಗ ಬೆಳಗಿನ ಸಹಿಗಳ ರಾಶಿಯಲ್ಲಿ ಮುಳುಗಿದ್ದರು. ದಫೇದಾರ ಹಾಳೆ ತಿರುವುತ್ತಿದ್ದ, ಇವರು ಗೀಚುತ್ತಿದ್ದರು. ಏನೆಂದು ಓದುವ ಅಭ್ಯಾಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಓದುವುದು ದಫೇದಾರನ ಪಾಲಿಗೆ. ಚಮಚ ಕಳುವಾದರೂ ಅದರ ಉದ್ದಗಲ ಬರೆಯದೆ ಬಿಡದ ಆಸಾಮಿಯಾದ್ದರಿಂದ ಠಾಣೆಯವರೆಲ್ಲ ಅವನನ್ನು ‘ಅಳತೆ’ ಎಂದೇ ಕರೆಯುತ್ತಿದ್ದರು.

“ನನ್ನ ತಂಗಿ ಹನ್ನೆರಡು ದಿನದಿಂದ ಮನೆಗೆ ಬಂದಿಲ್ಲ,” ಎಂದರು ಆಕೆ.

“ಹನ್ನೆರಡು ದಿನ ಕಾದು ಈಗ ಬಂದ್ರಾ?”

“ಕೆಲಸಕ್ಕೆ ಬರ್ತಿದಾರೆ ಅಂತ ಆಫೀಸಿನವರು ದಿನಾ ಹೇಳ್ತಾರೆ. ಹಿಂದೆನೂ ದೊಡ್ಡ ಕೇಸಿದ್ದಾಗ ವಾರಗಟ್ಟಲೆ ಅವರ ಗೆಸ್ಟ್ ಹೌಸಲ್ಲೇ ಉಳಿದಿದ್ದಳು. ಹಾಗೇ ಅಂದ್ಕೊಂಡೆ. ನಿನ್ನೆ ಈ ಚೀಟಿ ಕಳಿಸಿದ್ರು.”

ಹಸಿರು ಶಾಯಿ, ನೆಟ್ಟಗಿನ ಸಣ್ಣ ಅಕ್ಷರ. ‘ಅಕ್ಕಾ, ಕೆಲಸ ಬಹಳ ಇದೆ. ಮುಗಿದ ಕೂಡಲೇ ಬರುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಆರೋಗ್ಯ ನೋಡಿಕೋ.’

“ಅಕ್ಷರ ನಿಮ್ಮ ತಂಗೀದೇನಾ?”

“ಅಕ್ಷರ ಅವಳದೇ. ಬರೆದೋರು ಅವಳಲ್ಲ.”

“ಹೇಗೆ ಹೇಳ್ತೀರಿ?”

“ನನ್ನ ಮಂಡಿ ಹೇಗಿದೆ ಅಂತ ಪುಟ್ಟಿ ಜನ್ಮದಲ್ಲಿ ಕೇಳಿದವಳಲ್ಲ. ಮಾತ್ರೆ ತಂದು ಮೇಜಿನ ಮೇಲೆ ಕುಕ್ಕಿ ಹೋಗ್ತಾಳೆ. ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ.”

ಪುಟ್ಟಿಗೆ ಐವತ್ತನಾಲ್ಕು ವರ್ಷ. ಲಿಫ್ಟ್ ತಯಾರಿಸುವ ಕಂಪನಿಯೊಂದರ ಕಾನೂನು ವಿಭಾಗಕ್ಕೆ ಇಪ್ಪತ್ತು ವರ್ಷದಿಂದ ಮುಖ್ಯಸ್ಥೆ. ಅಕ್ಕತಂಗಿಯರಿಬ್ಬರದೇ ಸಂಸಾರ. ಇನ್‌ಸ್ಪೆಕ್ಟರ್‌ಗೆ ನಗು ಬರುವುದರಲ್ಲಿತ್ತು. ಆದರೆ ಆಕೆ ಚೀಟಿಯನ್ನು ಹಿಡಿದಿದ್ದ ರೀತಿ ನೋಡಿ ಬಾಯಿ ಮುಚ್ಚಿಕೊಂಡರು. ಅದರ ಒಂದು ಅಂಚನ್ನು ಮಾತ್ರ ಎರಡು ಬೆರಳಲ್ಲಿ ಮುಟ್ಟಿದ್ದರು, ಯಾರದೋ ಹಲ್ಲುಸೆಟ್ಟು ಹಿಡಿದ ಹಾಗೆ.

“ಜೀವದಿಂದ ಇದ್ದಾಳಾ ಇಲ್ವಾ, ಅಷ್ಟು ಹೇಳಿ ಸಾಕು,” ಎಂದರು. ಹತ್ತು ಐದಕ್ಕೆ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಕಂಪನಿಯದು ಏಳು ಮಹಡಿಯ ಕಟ್ಟಡ. ಕಾನೂನು ವಿಭಾಗ ಕಟ್ಟಕಡೆಯ ಮಹಡಿಯಲ್ಲಿ. ಹನ್ನೆರಡು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಅಳತೆ ಲಿಫ್ಟಿನ ಬಾಗಿಲ ಮುಂದೆ ನಿಂತರು. ಗುಂಡಿ ಒತ್ತುವ ಮೊದಲೇ ಅದು ಕೆಳಗಿಳಿದು ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ.

“ಸಾರ್, ಮೆಟ್ಟಿಲೇ ವಾಸಿ,” ಎಂದ ಅಳತೆ. ಏಳು ಮಹಡಿ ಹತ್ತಿ ಇಬ್ಬರಿಗೂ ಏದುಸಿರು ಬಂತು.

ಮೇಲಿನ ಹಜಾರದಲ್ಲಿ ಒಂಬತ್ತು ಮಂದಿ ಮೇಜಿಗೆ ಬಾಗಿ ಓದುತ್ತಿದ್ದರು. ಗೋಡೆಯ ಗಾಜಿನ ಚೌಕಟ್ಟಿನಲ್ಲಿ ವಿಭಾಗದ ನಿಯಮಗಳಿದ್ದವು. ಬಾಯಿಮಾತು ದಾಖಲೆಯಲ್ಲ. ಪ್ರತಿ ಕಡತಕ್ಕೂ ಇಬ್ಬರು ಓದುಗರು. ಓದಿದ ಮೇಲೆ ಪ್ರತಿ ಪುಟದ ಕೆಳಮೂಲೆಯಲ್ಲಿ ಚಿಕ್ಕ ಸಹಿ ಮತ್ತು ಸಮಯ. ಓದುವ ಹೊತ್ತಿನಲ್ಲಿ ಯಾರ ಬಾಗಿಲನ್ನೂ ತಟ್ಟಬಾರದು.

ಹಜಾರದ ತುದಿಯ ಮುಚ್ಚಿದ ಬಾಗಿಲಲ್ಲಿ ಪತ್ರದ ಡಬ್ಬಿಯ ಬಾಯಿಯಂಥ ಸೀಳಿತ್ತು. ಬೆಳಿಗ್ಗೆ ಕಡತಗಳನ್ನು ಅದರಲ್ಲಿ ತೂರಿಸಬೇಕು. ಸಂಜೆ ಅವು ಹಸಿರು ಟಿಪ್ಪಣಿ ಹೊತ್ತು ಪಕ್ಕದ ತಟ್ಟೆಗೆ ಬಂದಿರುತ್ತವೆ. ವಿಭಾಗ ನಡೆಯುತ್ತಿದ್ದುದು ಹಾಗೆ, ಗಡಿಯಾರ ತಪ್ಪಿದರೂ ಅದು ತಪ್ಪುತ್ತಿರಲಿಲ್ಲವಂತೆ.

ತಮ್ಮ ಕೋಣೆಯಿಂದ ಎದ್ದು ಬಂದವರು ಉಪಮುಖ್ಯಸ್ಥರು. ಐವತ್ತರ ಆಸುಪಾಸು, ಮಡಿಕೆ ಮುರಿಯದ ಅಂಗಿ, ಮೃದು ಮಾತು. ಹದಿನೆಂಟು ವರ್ಷದಿಂದ ಇಲ್ಲೇ ಇದ್ದವರು.

“ಮೇಡಂ ಬೆಳಿಗ್ಗೆಯಿಂದ ಒಳಗೇ ಇದ್ದಾರೆ. ಓದ್ತಿದಾರೆ.”

“ಬಾಗಿಲು ತೆಗೀರಿ.”

“ತಟ್ಟೋ ಹಾಗಿಲ್ಲ ಸಾರ್, ನಿಯಮ.”

“ನಾನು ತಟ್ಟಲ್ಲ. ನೀವು ಬೀಗ ತೆಗೀರಿ.”

ಬಾಗಿಲು ತೆರೆಯಿತು. ಮೇಜಿನ ದೀಪ ಉರಿಯುತ್ತಿತ್ತು. ಕುರ್ಚಿ ಸ್ವಲ್ಪ ಹಿಂದೆ ಸರಿದಿತ್ತು. ಕನ್ನಡಕ ತೆರೆದ ಕಡತದ ಮೇಲಿತ್ತು. ಮನುಷ್ಯರು ಇರಲಿಲ್ಲ. ಅಳತೆ ಬಗ್ಗಿ ಪುಟದ ಮೂಲೆಯ ಸಹಿಯನ್ನು ಕಿರುಬೆರಳಿಂದ ಮುಟ್ಟಿದ. ಬೆರಳ ತುದಿ ಹಸಿರಾಯಿತು.

“ಹಸಿ ಇದೆ ಸಾರ್,” ಎಂದ ಪಿಸುಮಾತಿನಲ್ಲಿ.

ಸಹಿಯ ಪಕ್ಕದಲ್ಲಿದ್ದ ಸಮಯ ಹನ್ನೆರಡು ಎಂಟು. ಇನ್‌ಸ್ಪೆಕ್ಟರ್ ತಮ್ಮ ಗಡಿಯಾರ ನೋಡಿಕೊಂಡರು. ಹನ್ನೆರಡು ಹದಿನೈದು.

“ಇಲ್ಲೇ ಎಲ್ಲೋ ಹೋಗಿರಬೇಕು,” ಎಂದರು ಉಪಮುಖ್ಯಸ್ಥರು. ಕೋಣೆಗೆ ಇನ್ನೊಂದು ಬಾಗಿಲಿತ್ತು. ಅದು ಪಕ್ಕದ ಉಪಮುಖ್ಯಸ್ಥರ ಕೋಣೆಗೆ ತೆರೆಯುತ್ತಿತ್ತು. ಆ ಬಾಗಿಲು ಎಲ್ಲರಿಗೂ ಗೊತ್ತಿದ್ದದ್ದೇ, ಮುಚ್ಚುಮರೆ ಏನಿರಲಿಲ್ಲ. ಡ್ರಾಯರಿನಲ್ಲಿ ಆಕೆಯ ಫೋನ್ ಸಿಕ್ಕಿತು. ಪೂರ್ತಿ ಚಾರ್ಜ್ ಆಗಿತ್ತು.

ಇನ್‌ಸ್ಪೆಕ್ಟರ್ ಹಜಾರಕ್ಕೆ ಬಂದು ಒಂದೇ ಪ್ರಶ್ನೆ ಕೇಳಿದರು. “ಇವರ ಮುಖ ಕಡೆಗೆ ನೋಡಿದ್ದು ಯಾರು, ಯಾವತ್ತು?”

ಒಬ್ಬ ನಿನ್ನೆ ಸಿಕ್ಕಿದ ಟಿಪ್ಪಣಿ ತೋರಿಸಿದ. ಇನ್ನೊಬ್ಬ ತನ್ನ ರಜೆ ಅರ್ಜಿಗೆ ಬಿದ್ದ ಹಸಿರು ಸಹಿ ತೋರಿಸಿದ. ಮುಖ ಯಾರೂ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಅದನ್ನು ಅರಿತುಕೊಳ್ಳುತ್ತಿದ್ದಂತೆ ಮುಖಗಳು ಬಿಳಿಚಿಕೊಂಡವು. ಹನ್ನೆರಡು ದಿನ ಮುಖ್ಯಸ್ಥರೇ ಇಲ್ಲದೆ ವಿಭಾಗ ನಡೆದಿತ್ತು, ಒಂದು ಕಡತವೂ ತಡವಾಗಿರಲಿಲ್ಲ.

“ನಾಲ್ಕನೇ ತಾರೀಖು ಗುರುವಾರ ನಾವಿಬ್ರೂ ನನ್ನ ಕಾರಲ್ಲಿ ದಾಖಲೆ ಉಗ್ರಾಣಕ್ಕೆ ಹೋಗಿದ್ವಿ,” ಎಂದರು ಉಪಮುಖ್ಯಸ್ಥರು. “ಹಳೇ ಕಡತ ನೋಡಿ ವಾಪಸ್ ಬಂದ್ವಿ. ಆಮೇಲೂ ನೋಡಿದೀನಿ.”

ಊರಾಚೆಗಿನ ಉಗ್ರಾಣಕ್ಕೆ ಇನ್‌ಸ್ಪೆಕ್ಟರ್ ಫೋನ್ ಮಾಡಿದರು. ಪಾರುಪತ್ಯಗಾರ ಪುಸ್ತಕ ತೆಗೆದು ಓದಿದ. ಮೇಡಂ ಒಳಗೆ ಹೋದದ್ದು ಮೂರು ಹತ್ತಕ್ಕೆ, ಹೊರಗೆ ಬಂದದ್ದು ನಾಲ್ಕು ಐದಕ್ಕೆ. ಎರಡೂ ಹಸಿರು ಸಹಿ. ಇನ್‌ಸ್ಪೆಕ್ಟರ್ ತಮ್ಮ ಪಟ್ಟಿಯಲ್ಲಿ ‘ಉಗ್ರಾಣ’ದ ಎದುರು ಸರಿ ಗುರುತು ಹಾಕಿದರು. ಖುದ್ದು ಹೋಗಿ ನೋಡಲಿಲ್ಲ. ಈ ಸರಿ ಗುರುತು ಮುಂದೆ ಅವರ ನಿದ್ದೆ ಕೆಡಿಸಿತು.

ಹೊರಡುವಾಗ ಎಲ್ಲರ ಬೆರಳಚ್ಚು ತೆಗೆದುಕೊಂಡರು. ಉಪಮುಖ್ಯಸ್ಥರೇ ಮೊದಲು ಕೈ ಚಾಚಿದರು.

ಮೆಟ್ಟಿಲಲ್ಲಿ ಒಬ್ಬ ಕಿರಿಯ ವಕೀಲೆ ಹಿಂದೆಯೇ ಓಡಿಬಂದಳು.

“ಸಾರ್, ಒಂದು ಮಾತು. ಹುಚ್ಚಿ ಅಂದ್ಕೋಬೇಡಿ.”

“ಹೇಳಮ್ಮಾ.”

“ಮೇಡಂ ಹೋದ ವಾರ ನನ್ನ ಕರಡಿನ ಮೇಲೆ ‘ಚೆನ್ನಾಗಿದೆ’ ಅಂತ ಬರೆದಿದ್ರು.”

“ಅದಕ್ಕೆ?”

“ಮೂರು ವರ್ಷದಲ್ಲಿ ಮೊದಲ ಸಲ. ಇಲ್ಲಿ ಯಾರಿಗೂ ಯಾವತ್ತೂ ಬರೆದಿಲ್ಲ. ಈಗ ಎಲ್ಲರಿಗೂ ಬರ್ತಿದೆ. ಖುಷಿ ಆಗ್ಬೇಕಿತ್ತು. ಮೈ ಜುಮ್ ಅಂತು. ಇನ್ನೊಂದು, ಈ ತಿಂಗಳು ಕಳ್ಳಹಾಳೆ ಬಂದಿಲ್ಲ.”

ಕಳ್ಳಹಾಳೆ ಎಂದರೆ ಮೇಡಂ ಒಡ್ಡುತ್ತಿದ್ದ ಪರೀಕ್ಷೆ. ತಿಂಗಳಿಗೊಮ್ಮೆ ಯಾವುದೋ ಕಡತದ ನಡುವೆ ಸಂಬಂಧವಿಲ್ಲದ ಒಂದು ಪುಟ ಸೇರಿಸಿಬಿಡುತ್ತಿದ್ದರು. ಓದಿದವರ ಕಣ್ಣಿಗೆ ಅದು ಬೀಳುತ್ತಿತ್ತು. ಓದದೆ ಸಹಿ ಹಾಕಿದವರಿಗೆ ಆ ಪುಟ ವಾಪಸ್ಸಾಗುತ್ತಿತ್ತು, ಪುಟದ ಸಂಖ್ಯೆಗೆ ಹಸಿರು ಸುತ್ತು ಬಿದ್ದು. ಬೈಗುಳವಿಲ್ಲ, ಮಾತಿಲ್ಲ. ಆ ಸುತ್ತು ಬಿದ್ದವರು ವಾರಗಟ್ಟಲೆ ತಲೆ ಎತ್ತುತ್ತಿರಲಿಲ್ಲವಂತೆ.

ಅದಕ್ಕೊಂದು ಪುಸ್ತಕವೂ ಇತ್ತು. ಅಳತೆ ಅದನ್ನು ಠಾಣೆಗೆ ತಂದು ಸಾಲು ಸಾಲಾಗಿ ಓದಿದ. ಎಲ್ಲರ ಹೆಸರಿನ ಮುಂದೆಯೂ ಒಂದಲ್ಲ ಒಂದು ಸುತ್ತಿತ್ತು. ಉಪಮುಖ್ಯಸ್ಥರ ಹೆಸರಿನ ಮುಂದೆ ಮಾತ್ರ ಒಂದೂ ಇಲ್ಲ. ಆದರೆ ಆರು ವರ್ಷದಿಂದ ಅವರಿಗೆ ಕಳ್ಳಹಾಳೆಯನ್ನೇ ಕಳಿಸಿರಲಿಲ್ಲ.

“ಯಾಕೆ ನಿಲ್ಲಿಸಿದ್ರು?” ಎಂದರು ಇನ್‌ಸ್ಪೆಕ್ಟರ್.

“ಮನಸ್ತಾಪ ಆಗಿರಬಹುದು ಸಾರ್,” ಎಂದ ಅಳತೆ. ಅವನ ಅಳತೆ ತಪ್ಪಿದ್ದು ಇದೊಂದೇ ಸಲ.

ಇನ್‌ಸ್ಪೆಕ್ಟರ್ ಬೇಕೆಂದೇ ಕಾವಲು ಹಾಕದೆ, ವಿಭಾಗ ಎಂದಿನಂತೆ ನಡೆಯಲೆಂದು ಹೇಳಿಬಂದಿದ್ದರು. ಬುಧವಾರ ಬೆಳಿಗ್ಗೆ ಅವರದೇ ಒಂದು ಕಳ್ಳಹಾಳೆ ಸಿದ್ಧವಾಯಿತು. ಕಟ್ಟಡ ಶುಚಿಗೊಳಿಸುವ ಗುತ್ತಿಗೆಯ ಐವತ್ತು ಪುಟದ ಕಡತ. ಅದರ ಮೂವತ್ತೊಂದನೇ ಪುಟವನ್ನು ತೆಗೆದು, ಠಾಣೆಯಲ್ಲಿ ಅದೇ ಅಚ್ಚಿನಲ್ಲಿ ಮುದ್ರಿಸಿದ ಬೇರೆ ಪುಟ ಸೇರಿಸಿದರು. ಅಳತೆ ಕೈಗೆ ಗವಸು ಹಾಕಿಕೊಂಡೇ ಅದನ್ನು ಹೊಲಿದ. ಆ ಪುಟದ ನಡುವೆ ಇಷ್ಟಿತ್ತು: ‘ಇದನ್ನು ಓದುತ್ತಿರುವವರ ಗಮನಕ್ಕೆ. ತಾವು ಕಾಣೆಯಾಗಿರುವುದಾಗಿ ತಮ್ಮ ಅಕ್ಕ ದೂರು ನೀಡಿರುತ್ತಾರೆ. ಬದುಕಿದ್ದಲ್ಲಿ ಕೂಡಲೇ ಠಾಣೆಗೆ ತಿಳಿಸತಕ್ಕದ್ದು.’

ಕಿರಿಯ ವಕೀಲೆ ಹತ್ತು ಗಂಟೆಗೆ ಕಡತವನ್ನು ಉಳಿದವುಗಳ ಜೊತೆ ಸೀಳಿನಲ್ಲಿ ತೂರಿಸಿದಳು. ಸಂಜೆ ನಾಲ್ಕೂವರೆಗೆ ಅದು ತಟ್ಟೆಯಲ್ಲಿತ್ತು.

ಠಾಣೆಯಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಪುಟ ತಿರುವಿದರು. ಪ್ರತಿ ಮೂಲೆಯಲ್ಲೂ ಹಸಿರು ಸಹಿ, ಸಮಯ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಅಲ್ಲೂ ಸಹಿ, ಎರಡು ಇಪ್ಪತ್ತು. ಕಾಣೆಯಾದವರು ತಾವು ಕಾಣೆಯಾಗಿರುವುದನ್ನು ನೋಡಿ, ಒಪ್ಪಿ, ಸಮಯ ಹಾಕಿ ಮುಂದಿನ ಪುಟಕ್ಕೆ ಹೋಗಿದ್ದರು. ಕೊನೆಯಲ್ಲಿ ಒಂದೇ ಮಾತು: ‘ಚೆನ್ನಾಗಿದೆ.’

ಅಳತೆ ಕುರ್ಚಿಯನ್ನು ಹಿಂದೆ ಸರಿಸಿಕೊಂಡ. “ಸಾರ್, ನನಗೆ ಎಣಿಸಿ ಅಳೆದು ರೂಢಿ. ಇದು ಯಾಕೋ ಸರಿ ಇಲ್ಲ.”

“ಕಳ್ಳಹಾಳೆ ಕಂಡುಹಿಡಿದ ಹೆಂಗಸು ಕಳ್ಳಹಾಳೆಗೆ ಸಹಿ ಹಾಕೋದಿಲ್ಲ,” ಎಂದರು ಇನ್‌ಸ್ಪೆಕ್ಟರ್. “ಅಕ್ಕ ಹೇಳಿದ್ದೇ ನಿಜ. ಮೂವತ್ತೊಂದನ್ನ ಬೆರಳಚ್ಚಿನವರಿಗೆ ಕೊಡು, ಈಗಲೇ.”

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ವರದಿ ಬಂತು. ಆ ಪುಟದ ಕೆಳಮೂಲೆಯಲ್ಲಿ ಒಂದೇ ಒಂದು ಹೆಬ್ಬೆರಳ ಗುರುತು, ಉಪಮುಖ್ಯಸ್ಥರದ್ದು.

ಹತ್ತು ಹತ್ತಕ್ಕೆ ಅವರು ಠಾಣೆಯ ಬೆಂಚಿನಲ್ಲಿ ಕೂತಿದ್ದರು.

“ಈ ಸಹಿ ನಿಮ್ಮದಾ?”

“ನನ್ನ ವಕೀಲರು ಬರೋವರೆಗೆ ಮಾತಾಡಲ್ಲ.”

“ನೀವೇ ವಕೀಲರಲ್ವಾ?”

“ಅದಕ್ಕೇ ಮಾತಾಡಲ್ಲ.”

“ಮೇಡಂ ಎಲ್ಲಿ?”

ಉಪಮುಖ್ಯಸ್ಥರ ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು. ಇನ್‌ಸ್ಪೆಕ್ಟರ್ ತಮ್ಮ ಪಟ್ಟಿಯನ್ನು ಮತ್ತೊಮ್ಮೆ ಬಿಡಿಸಿದರು. ಆಸ್ಪತ್ರೆಗಳು, ಬಸ್ ನಿಲ್ದಾಣ, ಗೆಸ್ಟ್ ಹೌಸ್, ಉಗ್ರಾಣ. ಉಗ್ರಾಣದ ಎದುರಿನ ಸರಿ ಗುರುತಿನ ಮೇಲೆ ಅವರ ಕಣ್ಣು ನಿಂತಿತು. ನಾಲ್ಕು ಐದಕ್ಕೆ ಹೊರಬಂದರು ಅಂತ ಹೇಳಿದ್ದು ಯಾರು? ಹಸಿರು ಸಹಿ.

“ಜೀಪು ತೆಗಿ. ಇವರನ್ನೂ ಹತ್ತಿಸು,” ಎಂದರು.

ಉಗ್ರಾಣ ಕಿಟಕಿಯಿಲ್ಲದ ಕಾಂಕ್ರೀಟು ಕಟ್ಟಡ. ಕಾಗದ ಕೆಡದಿರಲೆಂದು ಒಳಗೆ ಸದಾ ಥಂಡಿ. ಸಾಲಾಗಿ ಎಂಟು ಭದ್ರಕೋಣೆಗಳು, ಬೆಂಕಿಗೆ ಜಗ್ಗದ ದಪ್ಪ ಉಕ್ಕಿನ ಬಾಗಿಲು, ಗಾಳಿಯೂ ಸದ್ದೂ ನುಸುಳದ ಅಂಚು. ಆರನೆಯದರ ಮೇಲೆ ಅರಗಿನ ಮುದ್ರೆ, ಅದರಡಿ ಅಂಟಿಸಿದ ಒಂದು ಕಾಗದ: ‘ತಡೆ ಆದೇಶ. ಈ ಕೋಣೆಯ ದಾಖಲೆಗಳು ವಿವಾದದಲ್ಲಿವೆ. ನನ್ನ ಲಿಖಿತ ಅಪ್ಪಣೆಯಿಲ್ಲದೆ ಯಾರೂ ತೆರೆಯಕೂಡದು.’ ಹಸಿರು ಶಾಯಿ. ನಾಲ್ಕನೇ ತಾರೀಖು, ನಾಲ್ಕು ಗಂಟೆ.

“ತೆಗೀರಿ ಇದನ್ನ,” ಎಂದರು ಇನ್‌ಸ್ಪೆಕ್ಟರ್.

ಪಾರುಪತ್ಯಗಾರ ಕೈ ಮುಗಿದ. “ಮೇಡಂ ಬರೆದುಕೊಟ್ರೆ ಈ ಕ್ಷಣ ತೆಗೀತೀನಿ ಸಾರ್. ಬರವಣಿಗೆ ಇಲ್ದೆ ತೆಗೆದ್ರೆ ನನ್ನ ಕೆಲಸ ಹೋಗುತ್ತೆ.”

“ಅವತ್ತು ಮೇಡಂ ಹೊರಗೆ ಬಂದಿದ್ದನ್ನ ಕಣ್ಣಾರೆ ನೋಡಿದ್ಯಾ?”

“ನಾನು ಹಿಂದಿನ ಕೋಣೇಲಿದ್ದೆ. ಸಾಹೇಬ್ರು ಪುಸ್ತಕ ಕಾರಿನ ಹತ್ರ ತಗೊಂಡು ಹೋಗಿ ಸಹಿ ಮಾಡಿಸ್ಕೊಂಡು ಬಂದ್ರು. ಮುದ್ರೆ ಹಾಕೋಕೆ ಹೇಳಿದ್ರು. ಮೇಡಂ ಆಗಲೇ ಕಾರಲ್ಲಿ ಕೂತಿದಾರೆ ಅಂದ್ರು. ಆದೇಶ ಇತ್ತಲ್ಲ ಸಾರ್ ಕೈಯಲ್ಲಿ.”

“ನಿನ್ನ ಮೇಡಂ ಇದರ ಒಳಗಡೆ ಇದ್ದಾರೆ ಅನ್ಸುತ್ತೆ. ಬರವಣಿಗೆ ಎಲ್ಲಿಂದ ತರಿಸಲಿ?”

ಅವನ ಕೈಯಿಂದ ಬೀಗದಕೈ ಗೊಂಚಲು ನೆಲಕ್ಕೆ ಬಿತ್ತು. ಆ ಸದ್ದು ಸಾಲು ಕೋಣೆಗಳುದ್ದಕ್ಕೂ ಹೋಗಿ ಮರಳಿ ಬಂತು.

ಒಂದು ಹತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಮುದ್ರೆ ಒಡೆದರು. ಬಾಗಿಲು ಬಿಗಿಯಾಗಿತ್ತು, ಎಳೆದಾಗ ಉಸಿರೆಳೆದುಕೊಂಡಂತೆ ಸದ್ದು ಮಾಡಿತು. ಒಳಗೆ ಕತ್ತಲೆ. ಅಲುಗಾಟ ಗುರುತಿಸಿ ದೀಪ ತಾನಾಗಿ ಹೊತ್ತಿಕೊಂಡಿತು, ಯಾರೋ ಬರಮಾಡಿಕೊಂಡ ಹಾಗೆ. ವಾಸನೆಗೆ ಪಂಚರಲ್ಲೊಬ್ಬ ಗೋಡೆ ಹಿಡಿದು ಕೂತುಬಿಟ್ಟ.

ಓದುವ ಮೇಜಿನ ಮುಂದೆ ಆಕೆ ಕುರ್ಚಿಯಲ್ಲೇ ಇದ್ದರು, ತೋಳಿನ ಮೇಲೆ ತಲೆಯಿಟ್ಟು. ಬಾಗಿಲ ಒಳಮೈ ಮೇಲೆ ಶೂ ಹಿಮ್ಮಡಿಯಿಂದ ಹೊಡೆದ ಗುರುತುಗಳಿದ್ದವು. ಹಿಮ್ಮಡಿ ಕಿತ್ತ ಶೂವನ್ನು ಆಮೇಲೆ ಜೋಡಿಯಾಗಿಯೇ ಮೇಜಿನಡಿ ಇಟ್ಟಿದ್ದರು. ಮುಂದೆ ಒಂದು ದಪ್ಪ ಕಡತ, ಪ್ರತಿ ಮೂಲೆಯಲ್ಲೂ ಹಸಿರು ಸಹಿ, ಸಮಯ. ಐದು ಹತ್ತು, ಆರು, ಏಳು ಇಪ್ಪತ್ತು. ಬಾಗಿಲು ತೆರೆಯುವುದಿಲ್ಲವೆಂದು ಗೊತ್ತಾದ ಮೇಲೆ ಆಕೆ ಬಂದ ಕೆಲಸ ಮುಗಿಸಲು ಕೂತಿದ್ದರು. ಕೊನೆಕೊನೆಗೆ ಅಕ್ಷರ ಗೆರೆ ಬಿಟ್ಟು ಜಾರಿತ್ತು. ಪಂಚನಾಮೆ ಬರೆಯುವಾಗ ಅಳತೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದ.

ಜೀಪಿನಲ್ಲಿದ್ದ ಉಪಮುಖ್ಯಸ್ಥರು ಅಷ್ಟು ಹೊತ್ತಿಗೆ ಬಾಯಿ ಬಿಟ್ಟಿದ್ದರು. ಯಾರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಕಂಪನಿ ಹೊಸ ಬ್ರೇಕಿನ ಪೂರೈಕೆಗೆ ಒಪ್ಪಂದ ಮಾಡಿಕೊಂಡಿತ್ತು. ಅದಕ್ಕೆ ಲಗತ್ತಾಗಿದ್ದ ಪರೀಕ್ಷಾ ವರದಿಯ ಎಂಬತ್ತೆಂಟನೇ ಪುಟದಲ್ಲಿ, ಹದಿನೆಂಟು ತಿಂಗಳಾದರೆ ಈ ಬ್ರೇಕು ಜಾರುತ್ತದೆಂದು ಸ್ಪಷ್ಟವಾಗಿ ಬರೆದಿತ್ತು. ಮೊದಲ ಓದುಗ ಉಪಮುಖ್ಯಸ್ಥ. ಅಂದು ಅವನಿಗೆ ಜ್ವರ, ಎಂಬತ್ತೆಂಟನ್ನು ಓದದೆ ಸಹಿ ಹಾಕಿದ್ದ. ಕಳೆದ ತಿಂಗಳು ಒಂದು ಲಿಫ್ಟು ಜಾರಿ ಮೆಕ್ಯಾನಿಕ್ ಒಬ್ಬ ಸತ್ತ. ಮೇಡಂ ಮೂಲ ಕಡತ ನೋಡಲು ಉಗ್ರಾಣಕ್ಕೆ ಬಂದರು.

“ಎಂಬತ್ತೆಂಟು ತೆಗೆದು ನೋಡಿದ್ರು. ‘ನಾಳೆ ಬೆಳಿಗ್ಗೆ ಇದನ್ನ ಬರೀತೀನಿ’ ಅಂದ್ರು. ಅಷ್ಟೇ. ಬಯ್ಯಲಿಲ್ಲ ಕೂಡ.”

“ಅದಕ್ಕೆ ಬಾಗಿಲು ಹಾಕಿಬಿಟ್ರಾ?”

“ಹೊರಗೆ ಬಂದೆ. ಬಾಗಿಲು ತಳ್ಳಿದೆ. ಹತ್ತು ನಿಮಿಷ ಯೋಚನೆ ಮಾಡೋಕೆ ಟೈಮ್ ಬೇಕಿತ್ತು. ಆಮೇಲೆ ತೆಗೆಯೋಕೆ ಆಗಲಿಲ್ಲ. ತೆಗೆದ್ರೆ ಏನು ಹೇಳ್ಲಿ?”

“ಮಾರನೇ ದಿನ ಅವರ ಕೋಣೆಗೆ ಹೋಗಿ ಕೂತ್ರಿ.”

“ಕಡತ ಬಂದು ಬಿದ್ದಿತ್ತು ಸಾರ್. ಯಾರಾದ್ರೂ ಮಾಡಬೇಕಿತ್ತಲ್ಲ. ಹದಿನೆಂಟು ವರ್ಷ ನೋಡಿದ ಅಕ್ಷರ, ಕೈಗೆ ತಾನೇ ಬಂತು.”

ಆತನ ಕೋಣೆಯಲ್ಲಿ ಅಳತೆಗೆ ಸಿಕ್ಕಿದ್ದು ಹನ್ನೊಂದು ಕರಡುಗಳು. ಎಲ್ಲವೂ ಆತನೇ ಬರೆದವು, ಎಲ್ಲದರ ಕೆಳಗೂ ಆತನೇ ಬರೆದುಕೊಂಡ ಹಸಿರು ಟಿಪ್ಪಣಿ. ‘ಚೆನ್ನಾಗಿದೆ.’ ‘ಬಹಳ ಚೆನ್ನಾಗಿ ಓದಿದ್ದೀರಿ.’ ‘ನಿಮ್ಮಂಥವರು ಇನ್ನೊಬ್ಬರಿಲ್ಲ.’

ನಾಲ್ಕು ಗಂಟೆಗೆ ಅಕ್ಕ ಬಂದು ಶವ ಗುರುತಿಸಿದರು. ಅಳಲಿಲ್ಲ. ನರ್ಸ್ ಆಗಿದ್ದವರು, ಹೊದಿಕೆಯ ಅಂಚು ಸರಿಮಾಡಿದರು. ಇನ್‌ಸ್ಪೆಕ್ಟರ್ ಕೊನೆಯ ಪುಟದ ನಕಲನ್ನು ಕೊಟ್ಟು, ಕಟ್ಟಕಡೆಯ ಸಾಲನ್ನು ತೋರಿಸಿದರು. ಓರೆಯಾದ ಅಕ್ಷರದಲ್ಲಿ ಇಷ್ಟೇ ಇತ್ತು: ‘ಅಕ್ಕನ ಮಂಡಿ ಮಾತ್ರೆ ಶನಿವಾರ ಮುಗಿಯುತ್ತದೆ. ತರಬೇಕು.’

“ಇದು ಅವಳು,” ಎಂದರು ಆಕೆ. ಆಮೇಲೆ ಅತ್ತರು.

ಐದು ಕಾಲಿಗೆ ಬಂಧನದ ಕಾಗದಗಳು ಸಿದ್ಧವಾದವು. ಅಳತೆ ರೂಢಿಯಂತೆ ಹಾಳೆ ತಿರುವಲು ಕೈ ಚಾಚಿದ. ಇನ್‌ಸ್ಪೆಕ್ಟರ್ ಅವನ ಕೈ ತಡೆದು ಮೊದಲ ಸಾಲಿನಿಂದ ಓದತೊಡಗಿದರು. ಪೂರ್ತಿ ಓದಲು ನಲವತ್ತು ನಿಮಿಷ ಹಿಡಿಯಿತು. ಠಾಣೆಯವರು ಮುಖ ಮುಖ ನೋಡಿಕೊಂಡರು.

ಆಮೇಲೆ ಅವರು ಅದೇ ಕೊನೆಯ ಪುಟದ ಇನ್ನೊಂದು ನಕಲನ್ನು ಕಂಬಿಯೊಳಗೆ ಚಾಚಿದರು.

“ಮೇಡಂ ನಾಳೆ ಬರೀತೀನಿ ಅಂದಿದ್ರಲ್ಲ. ಅಲ್ಲೇ ಕೂತು ಬರೆದಿದ್ದಾರೆ. ಓದಿ. ಈ ಸಲ ಪೂರ್ತಿ ಓದಿ.”

ಉಪಮುಖ್ಯಸ್ಥ ಕನ್ನಡಕ ಹಾಕಿಕೊಂಡ. ‘ಆಡಳಿತ ನಿರ್ದೇಶಕರಿಗೆ. ಎಂಬತ್ತೆಂಟನೇ ಪುಟ ಇಬ್ಬರೂ ಓದುಗರಿಂದ ತಪ್ಪಿದೆ. ಎರಡನೇ ಸಲ ಓದಬೇಕಿದ್ದವಳು ನಾನು. ಮೊದಲ ಓದುಗರ ಸಹಿ ಇದ್ದುದರಿಂದ ನಾನು ಮತ್ತೆ ಓದಲಿಲ್ಲ. ಆರು ವರ್ಷದಿಂದ ಇವರ ಪುಟಗಳನ್ನು ನಾನು ಮತ್ತೆ ಓದುವುದಿಲ್ಲ, ಪರೀಕ್ಷಿಸುವುದೂ ಇಲ್ಲ. ಈ ವಿಭಾಗದಲ್ಲಿ ಹಾಗೆ ನಂಬಬಹುದಾದವರು ಇವರೊಬ್ಬರೇ. ಆದ್ದರಿಂದ ಹೊಣೆ ನನ್ನದು. ಆ ಬ್ರೇಕುಗಳಿರುವ ಎಲ್ಲ ಲಿಫ್ಟುಗಳನ್ನೂ ಈ ದಿನವೇ ನಿಲ್ಲಿಸಬೇಕು. ಇವರನ್ನು ಕೆಲಸದಲ್ಲಿ ಮುಂದುವರಿಸಬೇಕು.’

ಓದಿ ಮುಗಿಸಿ ಆತ ಮತ್ತೆ ಮೊದಲ ಸಾಲಿಗೆ ಹೋದ. ಮೂರನೇ ಸಲ ಓದುವಾಗ ತುಟಿ ಅಲುಗುತ್ತಿತ್ತು. ಹದಿನೆಂಟು ವರ್ಷ ಒಂದು ಒಳ್ಳೆಯ ಮಾತಿಗೆ ಕಾದ ಮನುಷ್ಯ, ಅದು ಬರೆಯಲ್ಪಡುವ ಕೋಣೆಯ ಬಾಗಿಲನ್ನು ತಾನೇ ಮುಚ್ಚಿ ಬಂದಿದ್ದ.

“ಒಂದು ಪೆನ್ನು ಕೊಡ್ತೀರಾ?” ಎಂದ ಕಡೆಗೆ. “ಓದಿದೀನಿ ಅಂತ ಮೂಲೇಲಿ ಹಾಕ್ಬೇಕು.”

ಪೆನ್ನು ಕೊಡುವಂತಿರಲಿಲ್ಲ. ಆತ ಪುಟದ ಕೆಳಮೂಲೆಯ ಮೇಲೆ ಹೆಬ್ಬೆರಳಿಟ್ಟುಕೊಂಡು ಹಾಗೇ ಕೂತ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿ ದಿನಚರಿಯಲ್ಲಿ ಸಮಯ ಬರೆದುಕೊಂಡರು. ಆರು ಇಪ್ಪತ್ತು.